ಹದಿನೆಂಟು ಉಗುರುಗಳ ಕೆಲಸ

ಶಿರಸಿಯ ಸಮೀಪದ ನಮ್ಮ ಮನೆಯ ಜಗುಲಿಗೆ ಕೆಂಪು ಗಾರೆಯ ನೆಲವಿದ್ದು, ಅದು ಎಷ್ಟು ನುಣುಪಾಗಿದೆಯೆಂದರೆ ನಾವು ಸಾಕಿದ ಮೊಲ ಇಡೀ ದಿನ ಓಡಾಡಿದರೂ ಅದರ ಉಗುರು ಸವೆಯುವುದಿಲ್ಲ. ಮಳೆಗಾಲದಲ್ಲಂತೂ ಅಂಗಳಕ್ಕೆ ಬಿಟ್ಟು ಮಣ್ಣು ಕೆರೆಯಗೊಡುವಂತೆಯೂ ಇಲ್ಲ. ಹಾಗೆ ಬೆಳೆದು ಬಾಗಿದ ಉಗುರು ಬೆರಳನ್ನು ಪಕ್ಕಕ್ಕೆ ತಳ್ಳುವುದರಿಂದ ದೇಹದ ಭಾರ ಹಿಮ್ಮಡಿಗೆ ಬಿದ್ದು ಹುಣ್ಣಾಗಬಹುದು. ಆದ್ದರಿಂದ ಐದಾರು ವಾರಕ್ಕೊಮ್ಮೆ ನಾನೇ ಕತ್ತರಿಸುತ್ತೇನೆ.

ಮೊದಲ ಸಲ ನಾನು ಅದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿದೆ. ಅಲುಗಾಡದೆ ಬಿದ್ದುಕೊಂಡಿದ್ದನ್ನು ನೋಡಿ ನಿದ್ದೆ ಬಂದಿತೆಂದು ಹಿಗ್ಗಿದೆ. ಅದು ನಿದ್ದೆಯಲ್ಲ, ಬೇಟೆಯಾಡುವ ಪ್ರಾಣಿಯ ಬಾಯಿಗೆ ಸಿಕ್ಕಾಗ ಬರುವಂಥ ಭಯದ ಮರಗಟ್ಟುವಿಕೆ ಎಂದು ಪಶುವೈದ್ಯರು ಆಮೇಲೆ ತಿಳಿಸಿದರು. ಮೊಲದ ಎಲುಬು ಹಗುರ, ಹಿಂಗಾಲಿನ ಸ್ನಾಯು ಮಾತ್ರ ಬಲು ಗಟ್ಟಿ. ಗಾಬರಿಯಿಂದ ಒಮ್ಮೆಲೇ ಝಾಡಿಸಿದರೆ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳಬಲ್ಲದು. ಈಗ ನೆಲದ ಮೇಲೆಯೇ ಕುಳಿತು, ದಪ್ಪ ಟವೆಲಿನಲ್ಲಿ ಸುತ್ತಿದ ಮೊಲವನ್ನು ತಂಗಿಯ ಮಗಳು ತನ್ನ ಹೊಟ್ಟೆಗೆ ಒತ್ತಿಕೊಂಡು, ಒಂದು ಕೈಯನ್ನು ಎದೆಯ ಕೆಳಗೂ ಇನ್ನೊಂದನ್ನು ಹಿಂಭಾಗದ ಕೆಳಗೂ ಇಟ್ಟು ಹಿಡಿಯುತ್ತಾಳೆ. ನಾನು ಒಂದೊಂದೇ ಕಾಲನ್ನು ಹೊರತೆಗೆಯುತ್ತೇನೆ.

ಅಡಕತ್ತರಿಯಲ್ಲಿ ಪಳಗಿದ ಕೈಗೆ ಇದೇನು ಮಹಾ ಎಂಬ ಜಂಬ ನನಗಿತ್ತು. ಆದರೆ ಅಡಿಕೆ ಕಾಲೆಳೆದುಕೊಳ್ಳುವುದಿಲ್ಲ. ನಮ್ಮ ಉಗುರು ಕತ್ತರಿಸುವ ನೇಲ್‌ಕಟರ್ ಮೊಲದ ಉಗುರನ್ನು ಅಮುಕಿ ಸೀಳುತ್ತದೆಯಾದ್ದರಿಂದ ಬೆಕ್ಕಿಗೆ ಬಳಸುವ, ಬಾಗಿದ ಅಲಗಿನ ಚಿಕ್ಕ ಕತ್ತರಿಯನ್ನು ತರಿಸಿದೆ. ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕುನಾಲ್ಕು, ಒಟ್ಟು 18 ಉಗುರುಗಳು. ಮುಂಗಾಲಿನ ಒಳಬದಿಯ ಐದನೆಯದು ನೆಲಕ್ಕೆ ತಾಗುವುದಿಲ್ಲ, ರೋಮದಲ್ಲಿ ಅಡಗಿರುವುದರಿಂದ ಕಣ್ಣಿಗೂ ಬೀಳುವುದಿಲ್ಲ; ಬೆರಳು ಒದ್ದೆ ಮಾಡಿ ರೋಮ ಸರಿಸಿಯೇ ಹುಡುಕಬೇಕು.

ಬಿಳಿ ಉಗುರಿನೊಳಗೆ ರಕ್ತನಾಳ ನಸುಗೆಂಪಾಗಿ ಕಾಣುತ್ತದೆ. ಅದರಿಂದ ಎರಡು ಮೂರು ಮಿಲಿಮೀಟರ್ ಬಿಟ್ಟು ಕತ್ತರಿಸುತ್ತೇನೆ. ಕಪ್ಪು ಉಗುರಿಗೆ ಕೆಳಗಿನಿಂದ ಟಾರ್ಚ್ ಹಿಡಿಯಬೇಕು. ಆಗಲೂ ಅನುಮಾನವಿದ್ದರೆ ಕತ್ತರಿಯಿಂದ ಮೆಲ್ಲಗೆ ಅಮುಕಿ ನೋಡುತ್ತೇನೆ: ನರದ ಮೇಲೆ ಕತ್ತರಿ ಕೂತಿದ್ದರೆ ಮೊಲ ತಟ್ಟನೆ ಕಾಲೆಳೆದುಕೊಳ್ಳುತ್ತದೆ, ಆಗ ಇನ್ನಷ್ಟು ತುದಿಗೆ ಸರಿಯುತ್ತೇನೆ.

ಇಷ್ಟು ಎಚ್ಚರವಿದ್ದೂ ಒಮ್ಮೆ ಹಿಂಗಾಲಿನ ಕಪ್ಪು ಉಗುರಿನಿಂದ ರಕ್ತ ಬಂತು. ಹತ್ತಿಗೆ ಕಾರ್ನ್‌ಫ್ಲೋರ್ ಅದ್ದಿ ಒತ್ತಿ ಹಿಡಿದಾಗ ಕೆಲವು ನಿಮಿಷಗಳಲ್ಲಿ ನಿಂತಿತು. ಗಾಯಕ್ಕೆ ಕಸ ಹೊಗದಿರಲೆಂದು ಆ ರಾತ್ರಿ ಬುಟ್ಟಿಯಲ್ಲಿ ಕರಡದ (ಒಣಹುಲ್ಲಿನ) ಬದಲು ಒಗೆದ ಬಟ್ಟೆ ಹಾಸಿದೆ.

ಎಲ್ಲವನ್ನೂ ಒಂದೇ ಪಟ್ಟಿಗೆ ಮುಗಿಸಬೇಕೆಂಬ ಹಠವನ್ನೂ ಈಗ ಬಿಟ್ಟಿದ್ದೇನೆ. ಕಳೆದ ಸಲ ಮುಂಗಾಲು ಮುಗಿಯುವಷ್ಟರಲ್ಲಿ ಮೊಲದ ಉಸಿರು ಜೋರಾಗಿದ್ದನ್ನು ಗಮನಿಸಿದ ತಂಗಿಯ ಮಗಳು, "ಸಾಕು ಮಾವ, ಉಳಿದಿದ್ದು ನಾಳೆ ಮಾಡನ" ಎಂದಳು. ಉಳಿದ ಎಂಟನ್ನು ಮರುದಿನ ಸಂಜೆ ಕತ್ತರಿಸಿದೆವು.