ಟೈಮಿಂಗ್ ಬೆಲ್ಟ್: ಒಂದು ಹಲ್ಲು ತಪ್ಪಿದರೂ ಕೆಲಸ ಕೆಟ್ಟಂತೆ

ಹಲವು ಕಾರುಗಳಲ್ಲಿ ಟೈಮಿಂಗ್ ಬೆಲ್ಟನ್ನು (ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿಗೂ ವಾಲ್ವ್ ತೆರೆಯುವ ಕ್ಯಾಮ್‌ಗೂ ತಾಳ ಕೂಡಿಸುವ ಹಲ್ಲಿನ ರಬ್ಬರ್ ಬೆಲ್ಟ್) 60,000ದಿಂದ 1,00,000 ಕಿ.ಮೀ. ನಡುವೆ ಬದಲಿಸಬೇಕು. ಕಾರು ಹೆಚ್ಚು ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಹಾಗಾಗಿ ಮ್ಯಾನ್ಯುಯಲ್‌ನಲ್ಲಿ ವರ್ಷದ ಲೆಕ್ಕವನ್ನೂ ನೋಡಿ. ಬರೀ ಬೆಲ್ಟ್ ತರಬೇಡಿ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಅದಕ್ಕೆ ದಾರಿ ತೋರುವ ಐಡ್ಲರ್ ರಾಟೆ ಸೇರಿದ ಕಿಟ್ಟೇ ಬೇಕು. ವಾಟರ್ ಪಂಪ್ ಇದೇ ಬೆಲ್ಟಿನಲ್ಲಿ ತಿರುಗುವುದಾದರೆ ಅದೂ ಹೊಸದಿರಲಿ. ಹಳೆಯ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟನ್ನು ತಿಂದುಹಾಕುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ವೈರ್, ಸ್ಪಾರ್ಕ್ ಪ್ಲಗ್, ಹೊರಗಿನ ಬೆಲ್ಟ್, ಕವರ್ ಬಿಚ್ಚಿ. ಕ್ರ್ಯಾಂಕ್ ಬೋಲ್ಟಿಗೆ ಪಾನಾ ಸಿಕ್ಕಿಸಿ ಸ್ಟಾರ್ಟರ್ ಹೊಡೆದು ಸಡಿಲಿಸುವ ಚಾಳಿ ಬೇಡವೇ ಬೇಡ, ಕೈ ಮುರಿಯುತ್ತದೆ.

ಎಡವಟ್ಟಾಗುವುದು ಇಲ್ಲಿಂದಾಚೆ. ಹಳೆ ಬೆಲ್ಟ್ ಇರುವಾಗಲೇ ಕ್ರ್ಯಾಂಕನ್ನು ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ ಗುರುತು ಕೂಡಿಸಿ: ಕ್ರ್ಯಾಂಕಿನದು ಬ್ಲಾಕಿನ ಗುರುತಿಗೆ, ಕ್ಯಾಮ್‌ನದು ಹೆಡ್ಡಿನ ಗುರುತಿಗೆ. ಕ್ರ್ಯಾಂಕ್ ಕೂಡಿ ಕ್ಯಾಮ್ ಎದುರು ಬದಿಗಿದ್ದರೆ ಇನ್ನೊಂದು ಸುತ್ತು ಹಾಕಿ. ಕ್ರ್ಯಾಂಕ್ ಎರಡು ಸುತ್ತು ಹೋದರೆ ಕ್ಯಾಮ್ ಹೋಗುವುದು ಒಂದೇ. ಕ್ರ್ಯಾಂಕ್, ಕ್ಯಾಮ್ ಅಲುಗದಂತೆ ಹಿಡಿಯುವ ಲಾಕಿಂಗ್ ಪಿನ್ ಹಾಕಿಯೇ ಬೆಲ್ಟ್ ಕಳಚಿ. ಇಲ್ಲದಿದ್ದರೆ ವಾಲ್ವ್ ಸ್ಪ್ರಿಂಗಿನ ಒತ್ತಡಕ್ಕೆ ಕ್ಯಾಮ್ ತಟ್ಟನೆ ಜಿಗಿಯುತ್ತದೆ. ಕ್ರ್ಯಾಂಕ್, ಕ್ಯಾಮ್‌ಗಳ ಸೀಲ್ (ಆಯಿಲ್ ತಡೆಯುವ ಬಳೆ) ಸುತ್ತ ಆಯಿಲ್ ಜಿನುಗಿದ್ದರೆ ಸೀಲನ್ನು ಈಗಲೇ ಬದಲಿಸಿ, ಆಯಿಲ್ ತಗುಲಿದ ಬೆಲ್ಟ್ ಬಾಳುವುದಿಲ್ಲ. ಬೆಲ್ಟಿಗೆ ಹೊಡೆಯುವ ಸ್ಪ್ರೇಗಳನ್ನಂತೂ ಹತ್ತಿರವೂ ಸೇರಿಸಬೇಡಿ.

ಹೊಸ ಬೆಲ್ಟನ್ನು ಮಡಿಸಬೇಡಿ, ತಿರುಚಬೇಡಿ, ಸ್ಕ್ರೂಡ್ರೈವರಿನಿಂದ ಮೀಟಿ ಕೂರಿಸಬೇಡಿ. ಒಳಗಿನ ಎಳೆ ಮುರಿದರೆ ಹೊರಗೆ ಗೊತ್ತೇ ಆಗದು. ಬಾಣದ ಗುರುತು ನೋಡಿ ಕ್ರ್ಯಾಂಕಿನಿಂದ ಶುರುಮಾಡಿ, ಟೆನ್ಷನರ್ ಇಲ್ಲದ ಬದಿಯನ್ನು ಬಿಗಿಯಾಗಿ ಎಳೆದುಕೊಂಡೇ ಕ್ಯಾಮ್‌ಗೆ ಏರಿಸಿ. ಸಡಿಲವೆಲ್ಲ ಟೆನ್ಷನರ್ ಬದಿಗೇ ಬರಬೇಕು. ಆಮೇಲೆ ಟೆನ್ಷನರಿನ ಮುಳ್ಳನ್ನು ಅದರ ಗುರುತಿಗೆ ತಂದು ಟೈಟ್ ಮಾಡಿ.

ಪಿನ್ ತೆಗೆದು ಕ್ರ್ಯಾಂಕನ್ನು ಪಾನಾದಿಂದ, ಕೈಯಲ್ಲೇ, ಪೂರ್ತಿ ಎರಡು ಸುತ್ತು ತಿರುಗಿಸಿ. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ: ಪಿಸ್ಟನ್ ವಾಲ್ವಿಗೆ ತಾಗುತ್ತಿರಬಹುದು. ಎರಡು ಸುತ್ತಾದ ಮೇಲೆ ಪುಲ್ಲಿಗಳ ಗುರುತು ಕೂಡಲೇಬೇಕು. ಬೆಲ್ಟ್ ಮೇಲೆ ಅಚ್ಚಾದ ಗೆರೆಗಳು ಕೂಡದಿದ್ದರೆ ಗಾಬರಿ ಬೇಡ, ಅವು ಜೋಡಿಸುವಾಗಿನ ನೆರವಿಗಷ್ಟೇ. ಪುಲ್ಲಿಯಲ್ಲಿ ಒಂದೇ ಹಲ್ಲು ಆಚೀಚೆಯಾಗಿದ್ದರೂ ಮತ್ತೆ ಬಿಚ್ಚಿ.

ಮಿಕ್ಕಿದ್ದು ಬಿಚ್ಚಿದ್ದನ್ನೆಲ್ಲ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ (ಬೋಲ್ಟ್ ಬಿಗಿಯುವ ಬಲಕ್ಕೆ) ಜೋಡಿಸುವುದು. ಪಂಪ್ ಬದಲಿಸಿದ್ದರೆ ಕೂಲಂಟ್ ತುಂಬಿ ಗಾಳಿ ತೆಗೆಯಿರಿ. ಸ್ಟಾರ್ಟ್ ಮಾಡಿದಾಗ ಕವರಿನೊಳಗಿಂದ ಕುಂಯ್ ಎಂಬ ಸಣ್ಣ ಸದ್ದು ಬಂದರೆ ಬೆಲ್ಟ್ ಅತಿಯಾಗಿ ಬಿಗಿದಿರಬಹುದು. ಆಫ್ ಮಾಡಿ ಮುಳ್ಳನ್ನು ಮತ್ತೆ ನೋಡಿ.