ಮೀಟರಿನ ಕೆಂಪು ಚುಕ್ಕೆ ಎಣಿಸಿ, ಲೈಟ್ ಬಿಲ್ ಇಳಿಸಿ

ಮೇ ತಿಂಗಳ ಲೈಟ್ ಬಿಲ್ ಕೈಗೆ ಬಂದ ದಿನ ಮುಂಬೈಯ ಮನೆಗಳಲ್ಲಿ ಒಂದೇ ಜಗಳ. ಬಾತ್‌ರೂಮಿನ ಲೈಟ್ ಆರಿಸದೆ ಬಂದವರು ಯಾರು? ಮುಲುಂಡ್‌ನ ನಮ್ಮ ಮನೆಯಲ್ಲೂ ವರ್ಷಗಟ್ಟಲೆ ಇದೇ ನಡೆಯಿತು. ಒಂದು ದಿನ ಲೆಕ್ಕ ಹಾಕಿ ನೋಡಿದೆ. ಆ ಬಲ್ಬು 9 ವ್ಯಾಟಿನ ಎಲ್‌ಇಡಿ. ಸಾವಿರ ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಹತ್ತು ಗಂಟೆ ಉರಿದರೂ ಒಂದು ಯೂನಿಟ್‌ನ ಹತ್ತನೇ ಒಂದು ಪಾಲು ಆಗುವುದಿಲ್ಲ. 2000 ವ್ಯಾಟಿನ ಗೀಸರ್ ಅಷ್ಟನ್ನು ಮೂರು ನಿಮಿಷದೊಳಗೆ ಮುಗಿಸುತ್ತದೆ! ಇಷ್ಟು ದಿನ ನಾವು ಸುಮ್ನೆ ಬಲ್ಬಿನ ಮೇಲೆ ಹರಿಹಾಯ್ದಿದ್ದೆವು.

ಹಾಗಾಗಿ ಉಳಿಸುವ ಮಾತು ಆಮೇಲೆ. ಕರೆಂಟು ಎಲ್ಲಿಗೆ ಹೋಗುತ್ತಿದೆ ಅಂತ ಮೊದಲು ಹುಡುಕೋಣ.

ಬಿಲ್ ತೆಗೆದು ಎದುರಿಗಿಡಿ

ಮುಲುಂಡ್, ಭಾಂಡುಪ್ ಕಡೆ ನಮ್ಮಂಥ ಮಹಾವಿತರಣ್ (ಮಹಾರಾಷ್ಟ್ರ ಸರ್ಕಾರದ ವಿದ್ಯುತ್ ಕಂಪನಿ) ಗ್ರಾಹಕರೇ ಜಾಸ್ತಿ, ಬಿಲ್ ಬರುವುದು ಮರಾಠಿಯಲ್ಲಿ. ನಾಲ್ಕು ಪದ ಗೊತ್ತಿದ್ದರೆ ಸಾಕು. ‘ಸ್ಥಿರ್ ಆಕಾರ್’ ಅಂದರೆ ಊರಿಗೆ ಹೋಗಿ ಮನೆಗೆ ಬೀಗ ಹಾಕಿದ್ದರೂ ಕಟ್ಟಬೇಕಾದ ಹಣ. ‘ವೀಜ್ ಆಕಾರ್’ ನೀವು ಬಳಸಿದ ಯೂನಿಟ್‌ಗೆ. ‘ವಹನ್ ಆಕಾರ್’ ಕರೆಂಟನ್ನು ನಿಮ್ಮವರೆಗೆ ತಂದಿದ್ದಕ್ಕೆ, ಅದೂ ಯೂನಿಟ್ ಲೆಕ್ಕದಲ್ಲೇ. ‘ವೀಜ್ ಶುಲ್ಕ್’ ಸರ್ಕಾರದ್ದು, ಮನೆಗಳಿಗೆ ಶೇ 16. ಯೂನಿಟ್ ಇಳಿದರೆ ಮೊದಲನೆಯದು ಬಿಟ್ಟು ಉಳಿದ ಮೂರೂ ಇಳಿಯುತ್ತವೆ.

ಇನ್ನು ಸ್ಲ್ಯಾಬ್. 100 ಯೂನಿಟ್‌ವರೆಗೆ ಒಂದು ದರ, 101ರಿಂದ 300ಕ್ಕೆ ಇನ್ನೊಂದು, 301ರಿಂದ 500ಕ್ಕೆ ಮತ್ತೊಂದು. 300 ದಾಟಿದರೆ ಎಲ್ಲ ಯೂನಿಟ್‌ಗೂ ದುಬಾರಿ ದರ ಬೀಳುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಹಾಗಿಲ್ಲ. ದಾಟಿದಷ್ಟಕ್ಕೆ ಮಾತ್ರ ಆ ದರ. 340 ಯೂನಿಟ್ ಬಂದಿದ್ದರೆ ಮೇಲಿನ 40 ಯೂನಿಟ್ಟೇ ದುಬಾರಿ. ನಾವು ಹಿಡಿಯಬೇಕಾದದ್ದು ಆ 40ನ್ನು.

ಮೀಟರ್ ರೂಮಿಗೆ ಇಳಿಯಿರಿ

ಇದೇ ಮುಖ್ಯ ಕೆಲಸ. ಒಂದು ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಇದ್ದರೆ ಆಯ್ತು. ವಾಚ್‌ಮನ್ ಹತ್ತಿರ ಕೀ ಇರುತ್ತದೆ. ಬಿಲ್ಲಿನಲ್ಲಿರುವ ಮೀಟರ್ ನಂಬರ್ ನೋಡಿ ನಿಮ್ಮ ಮೀಟರ್ ಯಾವುದೆಂದು ಗುರುತಿಸಿ. ಏನನ್ನೂ ಮುಟ್ಟಬೇಡಿ, ನೋಡಿದರೆ ಸಾಕು. ಅದರಲ್ಲೊಂದು ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಪಕ್ಕದಲ್ಲಿ 3200 ಅಥವಾ 1600 ಇಂಪಲ್ಸ್ ಎಂಬಂಥ ಸಂಖ್ಯೆ ಬರೆದಿರುತ್ತದೆ. ಅಷ್ಟು ಸಲ ಮಿಟುಕಿದರೆ ಒಂದು ಯೂನಿಟ್ ಖರ್ಚಾಯಿತು ಎಂದರ್ಥ.

ಮನೆಯಲ್ಲಿ ಒಬ್ಬರು ಇರಲಿ, ಕೆಳಗೆ ನೀವು ಫೋನ್ ಹಿಡಿದು ನಿಲ್ಲಿ. ನನ್ನ ಹೆಂಡತಿ ಮೇಲಿನಿಂದ ‘ರೀ, ಎಲ್ಲಾ ಆಫ್ ಮಾಡಿದೆ, ಹಾಲ್ ಫ್ಯಾನ್ ಒಂದೇ ಹಾಕಿದೀನಿ’ ಅಂದಳು. ಒಂದು ನಿಮಿಷ ಎಣಿಸಿದೆ. ಆರು ಸಲ ಮಿಟುಕಿತು. 3200ರ ಮೀಟರಾದರೆ ಎಣಿಸಿದ್ದನ್ನು 19ರಿಂದ ಗುಣಿಸಿ, 1600ರದ್ದಾದರೆ 38ರಿಂದ. ಹೆಚ್ಚುಕಡಿಮೆ ವ್ಯಾಟ್ ಸಿಗುತ್ತದೆ. ನಮ್ಮದು 3200ರದ್ದು, 114 ವ್ಯಾಟ್ ಎಂದಾಯಿತು. ಹಳೇ ಫ್ಯಾನಿಗೂ ಇದು ಜಾಸ್ತಿಯೇ, ಕಾರಣ ಕೊನೆಗೆ ಗೊತ್ತಾಯಿತು. ಹೀಗೆ ಒಂದೊಂದನ್ನೇ ಹಾಕಿಸಿ ಬರೆದುಕೊಳ್ಳಿ. ಗೀಸರ್ ಹಾಕಿದರೆ ನಿಮಿಷಕ್ಕೆ ನೂರು ದಾಟುತ್ತದೆ, ಕಣ್ಣು ಸೋಲುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಿ, ಆಮೇಲೆ ನಿಧಾನವಾಗಿ ಎಣಿಸಿ.

ಕೊನೆಗೆ ಮನೆಯ ಮೇನ್ ಸ್ವಿಚ್ಚನ್ನೇ ಆಫ್ ಮಾಡಿಸಿ. ಈಗ ಚುಕ್ಕೆ ಮಿಟುಕಲೇಬಾರದು. ನಮ್ಮದು ಮಿಟುಕಿತು! ನಿಮಿಷಕ್ಕೆರಡು ಸಲ. ಅದನ್ನು ಕಳೆದರೆ ಫ್ಯಾನಿನದು ನಾಲ್ಕೇ, ಅಂದರೆ 75 ವ್ಯಾಟಿನ ಆಸುಪಾಸು. ಹಿಂದೆಂದೋ ರಿಪೇರಿಗೆ ಬಂದಿದ್ದ ಎಲೆಕ್ಟ್ರಿಷಿಯನ್ ಒಬ್ಬರು ಮೆಟ್ಟಿಲಿನ ಎರಡು ಟ್ಯೂಬ್‌ಲೈಟನ್ನು ನಮ್ಮ ವೈರಿಗೆ ಸೇರಿಸಿ ಹೋಗಿದ್ದರು. ಆ ಮೆಟ್ಟಿಲು ಕತ್ತಲು, ಹಗಲೂ ರಾತ್ರಿ ಲೈಟ್ ಬೇಕು. ತಿಂಗಳಿಗೆ 27 ಯೂನಿಟ್ ನಮ್ಮ ಲೆಕ್ಕಕ್ಕೆ! ನಿಮ್ಮಲ್ಲೂ ಮಿಟುಕಿದರೆ ತಡಮಾಡದೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕರೆಂಟು ಗೋಡೆಗೆ ಸೋರುತ್ತಿದ್ದರೂ ಹೀಗೇ ಆಗುತ್ತದೆ.

ಸಿಕ್ಕಿಬಿದ್ದವರಿಗೆ ಮದ್ದು

ನನ್ನ ಪ್ರಕಾರ ಮುಂಬೈಯಲ್ಲಿ ಮೊದಲು ಬದಲಿಸಬೇಕಾದದ್ದು ಫ್ಯಾನು. ಇಲ್ಲಿ ಅದು ನಿಲ್ಲುವುದೇ ಕಡಿಮೆ, ಅಲ್ವಾ? 75 ವ್ಯಾಟಿನದು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಕಡಿಮೆ ಕರೆಂಟು ಎಳೆಯುವ ಮೋಟರಿನ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ 11 ಯೂನಿಟ್ಟೂ ಬೇಡ. ಎಲ್ಲವನ್ನೂ ಒಟ್ಟಿಗೆ ತರಬೇಡಿ, ದಿನವಿಡೀ ತಿರುಗುವ ಫ್ಯಾನಿನಿಂದ ಶುರುಮಾಡಿ. ಹಾಕಿಸುವಾಗ ಗೋಡೆಯ ಹಳೇ ರೆಗ್ಯುಲೇಟರ್ ತೆಗೆಸಿ ನೇರ ಸ್ವಿಚ್ ಕೊಡಿಸಿ. ಇಲ್ಲದಿದ್ದರೆ ಫ್ಯಾನಿನೊಳಗಿನ ಸರ್ಕ್ಯೂಟ್ ಕೆಡಬಹುದು.

ಎಸಿ ಇದ್ದವರಿಗೆ ಬೇರೆ ಲೆಕ್ಕ. ಒಂದೂವರೆ ಟನ್ನಿನದು ಪೂರ್ತಿ ಓಡುವಾಗ ಗಂಟೆಗೆ ಒಂದೂವರೆ ಯೂನಿಟ್‌ವರೆಗೂ ಎಳೆಯಬಹುದು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ಉಳಿತಾಯ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 2020ರಿಂದ ಸ್ಟಾರ್ ಲೇಬಲ್ಲಿನ ರೂಮ್ ಎಸಿಗಳು 24ಕ್ಕೇ ಸೆಟ್ ಆಗಿ ಬರುತ್ತಿವೆ. ನಾವದನ್ನು 18ಕ್ಕೆ ಇಳಿಸಿ, ಮೇಲೆ ರಜಾಯಿ ಹೊದ್ದು ಮಲಗುತ್ತೇವೆ! 26ಕ್ಕಿಟ್ಟು ಫ್ಯಾನನ್ನು ಒಂದರಲ್ಲಿ ಬಿಡಿ. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ, ರಸ್ತೆ ಬದಿಯ ಮನೆಯಾದರೆ ಇನ್ನೂ ಬೇಗ.

ಗೀಸರ್ ವಿಷಯ ಸರಳ. ಥರ್ಮೋಸ್ಟಾಟ್ ಅನ್ನು 50ರ ಹತ್ತಿರ ಇಡಿ, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ. ಸಂಜೆಯವರೆಗೂ ಸ್ವಿಚ್ ಬಿಟ್ಟರೆ ಆರಿದ ನೀರನ್ನೇ ಮತ್ತೆ ಮತ್ತೆ ಕಾಯಿಸುತ್ತಾ ಕೂರುತ್ತದೆ.

ಫ್ರಿಜ್ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ. ಎಳೆದಾಗ ಸಲೀಸಾಗಿ ಬಂದರೆ ರಬ್ಬರ್ ಸಡಿಲವಾಗಿದೆ. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಸೋಪಿನ ನೀರಲ್ಲಿ ಒರೆಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಬಿಸಿ ಸಾಂಬಾರು ಒಳಗಿಡಬೇಡಿ ಎಂದು ನಮ್ಮ ಅತ್ತೆ ಹೇಳುತ್ತಲೇ ಇರುತ್ತಾರೆ. ಅವರು ಹೇಳುವುದು ಸರಿಯೇ.

ಟಿವಿಯ ಸೆಟ್‌ಟಾಪ್ ಬಾಕ್ಸನ್ನು ರಿಮೋಟ್‌ನಲ್ಲಿ ಆರಿಸಿದರೆ ಅದು ಅರೆನಿದ್ದೆ ಅಷ್ಟೇ. ಹತ್ತು ವ್ಯಾಟ್ ಎಳೆಯುತ್ತಿದ್ದರೂ ತಿಂಗಳಿಗೆ ಏಳು ಯೂನಿಟ್. ಗೋಡೆಯ ಸ್ವಿಚ್ಚನ್ನೇ ಆರಿಸಿ.

ಇಷ್ಟಾದ ಮೇಲೆ ಪ್ರತಿ ತಿಂಗಳು ಒಂದೇ ತಾರೀಕಿಗೆ ಮೀಟರಿನ ಫೋಟೊ ತೆಗೆದಿಡಿ. ಮೀಟರ್ ರೂಮಿಗೆ ಬೀಗವಿತ್ತೆಂದು ಅಂದಾಜಿನ ಮೇಲೆ ಬಿಲ್ ಬಂದರೆ ದೂರು ಕೊಡುವಾಗ ತೋರಿಸಲು ಅದೇ ಬೇಕಾಗುತ್ತದೆ.