ಉರುವಲು ಕಟ್ಟಿಗೆಯಲ್ಲಿ ಮೆಟ್ಟಿಲು: ನನ್ನ ಅನುಭವ

ಬಳ್ಳಾರಿಯ ಹೊಸಪೇಟೆ ರೋಡ್ ಕಡೆ ನನ್ನದೊಂದು ಚಿಕ್ಕ ಡೂಪ್ಲೆಕ್ಸ್ ಇದೆ, ಬಾಡಿಗೆಗೆ ಕೊಟ್ಟಿದ್ದೇನೆ. ಕೊಂಡಾಗಲೇ ಒಳಮೆಟ್ಟಿಲಿಗೆ ಕಾರ್ಪೆಟ್ ಅಂಟಿಸಿದ್ದರು. ಅದಿರು ಲಾರಿ ಓಡಾಡುವ ಊರಲ್ಲಿ ಕಾರ್ಪೆಟ್! ಬೂದು ಬಣ್ಣದ್ದು ಎರಡು ಬೇಸಿಗೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಮನೆ ನೋಡಲು ಬಂದವರು ಮೆಟ್ಟಿಲು ನೋಡಿಯೇ ಅಡ್ವಾನ್ಸ್ ಮಾತು ಬಿಟ್ಟು ಹೋಗುತ್ತಿದ್ದರು.

ಗ್ರಾನೈಟ್ ಹಾಕು ಅಂದರು ಎಲ್ಲರೂ. ಹಾಕಬಹುದಿತ್ತು. ಆದರೆ ಮನೆಯಲ್ಲಿ ಜನ ಇರುವಾಗ ಸಿಮೆಂಟ್ ಕೆಲಸ, ಕ್ಯೂರಿಂಗ್ ನೀರು, ಅವರು ಮೇಲೆ ಹತ್ತೋದು ಹೇಗೆ? ಹಲಗೆಯಾದರೆ ದಿನಕ್ಕೆ ಎರಡು ಮೂರು ಮೆಟ್ಟಿಲು ಮುಗಿಸಿ ಎದ್ದು ಬರಬಹುದು. ತೇಗದ ರೇಟು ಕೇಳಿದೆ, ಘನ ಅಡಿಗೆ 3,500ರ ಆಸುಪಾಸು. ಕೂಲಿ, ಪಾಲಿಶ್ ಸೇರಿ 45,000 ಮುಟ್ಟುತ್ತಿತ್ತು. ಬಾಡಿಗೆ ಮನೆಗೆ ಅಷ್ಟು ಸುರಿದರೆ ವಾಪಸ್ ಬರೋದು ಯಾವ ಕಾಲಕ್ಕೆ?

ಆಗ ಬಳ್ಳಾರಿ ಜಾಲಿ ನೆನಪಾಯಿತು. ಹೌದು, ಅದೇ ಮುಳ್ಳುಜಾಲಿ, ಇದ್ದಿಲು ಸುಡುವವರು ಒಯ್ಯುವುದು. ಅದರ ಹತ್ತಿರದ ನೆಂಟ ಮೆಸ್ಕೀಟ್ ಮರವನ್ನು ಅಮೆರಿಕದ ಟೆಕ್ಸಾಸ್‌ನಲ್ಲಿ ಮನೆಯ ನೆಲಕ್ಕೇ ಹಾಸುತ್ತಾರೆ. ಗಟ್ಟಿ ಮರ. ಒಮ್ಮೆ ಒಣಗಿದರೆ ಹಿಗ್ಗೋದು ಕುಗ್ಗೋದು ಬಹಳ ಕಡಿಮೆ. ನಮ್ಮ ಬಿಸಿಲಿಗೆ ಬೇಕಾಗಿದ್ದೇ ಇದು. ಸಾಮಿಲ್ಲಿನವನು ಮಾತ್ರ ನಕ್ಕ. "ಅಣ್ಣಾ, ಒಲೆಗೆ ಹಾಕೋ ಕಟ್ಟಿಗೆಗೆ ನನ್ನ ಬ್ಲೇಡ್ ಯಾಕೆ ಹಾಳು ಮಾಡ್ತೀರಿ?" ಬ್ಲೇಡ್ ಸಾಣೆಯ ಖರ್ಚು ನಾನೇ ಕೊಡ್ತೀನಿ ಅಂದ ಮೇಲೆ ಕೊಯ್ದ.

ಒಂದು ಟನ್ ದಿಮ್ಮಿಗೆ 4,000 ಚಿಲ್ಲರೆ. ಅದರಲ್ಲಿ ಮುಕ್ಕಾಲು ಪಾಲು ಹೋಯಿತು ಅಂದುಕೊಳ್ಳಿ. ಸೊಟ್ಟ, ಬಿರುಕು, ತೊಗಟೆ. ನೆಟ್ಟಗಿನ ತುಂಡು ಎರಡಡಿ ಸಿಕ್ಕರೆ ಪುಣ್ಯ. ಹಾಗಾಗಿ ಅಗಲ ಹಲಗೆಯ ಆಸೆ ಬಿಟ್ಟೆ. ಎರಡಿಂಚು ಪಟ್ಟಿ ಸೀಳಿ, ಪಕ್ಕಪಕ್ಕದ ಪಟ್ಟಿಗಳ ಕೂಡು ಒಂದೇ ಸಾಲಿಗೆ ಬಾರದ ಹಾಗೆ ಜೋಡಿಸಿ, ಅಂಟಿಸಿ, ಮೂರಡಿ ಹಲಗೆ ಮಾಡಿದೆ. ಅಗಲ ಹಲಗೆ ಬೇಸಿಗೆಗೆ ದೋಣಿಯಂತೆ ಬಾಗುತ್ತದೆ, ಪಟ್ಟಿ ಜೋಡಿಸಿದ್ದು ಅಷ್ಟು ಬಾಗುವುದಿಲ್ಲ.

ಮೊದಲ ಲಾಟಿನಲ್ಲಿ ನಷ್ಟ ಕಂಡಿದ್ದು ಹುಳದಿಂದ. ಕೆಚ್ಚಿನ (ಮರದ ನಡುವಿನ ಗಟ್ಟಿ ಭಾಗ) ಜೊತೆ ತೊಗಟೆ ಪಕ್ಕದ ಬಿಳಿ ಭಾಗವೂ ಬಂದಿತ್ತು. ನೆರಳಲ್ಲಿ ಪೇರಿಸಿಟ್ಟ ಕಡೆ ಕೆಲವೇ ತಿಂಗಳಲ್ಲಿ ಬಿಳಿ ಹಿಟ್ಟು ಉದುರಲು ಶುರು. ಆ ಲಾಟು ಪೂರ್ತಿ ಒಲೆಗೆ ಹೋಯಿತು, ಸಾಮಿಲ್ಲಿನವನ ಮಾತೇ ನಿಜವಾದಂಗೆ. ಎರಡನೇ ಸಲ ಬಿಳಿ ಭಾಗ ಕಿತ್ತೆಸೆದು, ಹಸಿ ಇರುವಾಗಲೇ ಹುಳ ತಡೆಯುವ ಬೋರಾಕ್ಸ್–ಬೋರಿಕ್ ಆಸಿಡ್ ನೀರಲ್ಲಿ ಮುಳುಗಿಸಿದೆ. ತುದಿಗಳಿಗೆ ಮೇಣ ಬಳಿದೆ. ಆಮೇಲೆ ಹುಳವೂ ಇಲ್ಲ, ಬಿರುಕೂ ಇಲ್ಲ. ನಡುವೆ ಬೇವಿನ ಪಟ್ಟಿಯನ್ನೂ ಪರೀಕ್ಷೆ ಮಾಡಿದೆ, ತಿರುಚಿಕೊಂಡಿತು. ಉಳಿದ ಜಾಲಿ ತುಂಡಲ್ಲಿ ಲಟ್ಟಣಿಗೆ ಮಾಡಿ ಹೆಂಡತಿಗೆ ಕೊಟ್ಟೆ, ಅದಕ್ಕೆ ಮಾತ್ರ ಮನೆಯಲ್ಲಿ ಯಾರೂ ನಗಲಿಲ್ಲ.

ಕಾರ್ಪೆಟ್ ಕಿತ್ತಿದ್ದು ಸುಲಭ, ಅಂಟು ಕೆರೆದಿದ್ದೇ ಕಷ್ಟ. ಹೀಟ್ ಗನ್, ಸ್ಕ್ರೇಪರ್, ಮೊಣಕಾಲು ನೋವು. ಅಷ್ಟು ಸಾಕು ಅದರ ಬಗ್ಗೆ.

ಮುಖ್ಯ ಲೆಕ್ಕ ಎತ್ತರದ್ದು. 25 ಮಿಲಿಮೀಟರ್ ಹಲಗೆ ಕೂರಿಸಿದರೆ ಕೆಳಗಿನ ಮೊದಲ ಮೆಟ್ಟಿಲು ಅಷ್ಟು ಎತ್ತರವಾಗುತ್ತದೆ, ಮೇಲಿನ ಕೊನೆಯದು ಅಷ್ಟೇ ಗಿಡ್ಡ. ಇಳಿಯುವಾಗ ಅಲ್ಲೇ ಎಡವೋದು. ಇದನ್ನು ಎಲ್ಲ ಮೆಟ್ಟಿಲಿಗೂ ಸ್ವಲ್ಪ ಸ್ವಲ್ಪ ಹಂಚಿದ್ದೇನೆ, ಕಾಲಿಗೆ ಗೊತ್ತಾಗಲ್ಲ. ಹೇಗೆ ಹಂಚಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಪಿಯು (ಪಾಲಿಯುರೆಥೇನ್) ಅಂಟಿನ ಮೇಲೆ ಕೂರಿಸಿ, ಹಲಗೆಗೆ ಎರಡು ಸ್ಕ್ರೂ, ಸ್ಕ್ರೂ ತಲೆ ಮುಚ್ಚಲು ಜಾಲಿಯದೇ ಬಿರಡೆ. ಹೊಳೆಯುವ ಪಾಲಿಶ್ ಬೇಡ, ಸಾಕ್ಸ್ ಕಾಲು ಜಾರುತ್ತದೆ. ಹೊಳಪಿಲ್ಲದ ಮ್ಯಾಟ್ ಪಾಲಿಶ್ ಹೊಡೆದೆ. ಪಾಲಿಶ್‌ನ ಕೊನೆಯ ಕೋಟ್‌ಗೆ ಏನು ಬೆರೆಸಿದೆ ಅನ್ನೋದನ್ನೂ ಹೇಳಲ್ಲ.

ಸುಟ್ಟ ಲಾಟೂ ಸೇರಿ ಖರ್ಚು 19,000 ಇರಬಹುದು, ನನ್ನ ಕೂಲಿ ಬಿಟ್ಟು. ಬಾಡಿಗೆ 1,000 ಏರಿಸಿದೆ, ತಕರಾರಿಲ್ಲದೆ ಕೊಡುತ್ತಿದ್ದಾರೆ. ಬೆಳಕಿಗೆ ಹಲಗೆ ದಿನ ಕಳೆದಂತೆ ಕೆಂಪು ಕಂದಾಗಿದೆ. ಬಾಡಿಗೆಯವರು ಕಾಲೊರಸು ಹಾಸಿದ್ದ ಜಾಗ ಮಾತ್ರ ಚೌಕಾಕಾರವಾಗಿ ತಿಳಿಯಾಗಿ ಉಳಿದಿದೆ, ಆ ಕಾಲೊರಸನ್ನು ತೆಗೆಸಿದ್ದೇನೆ. ಸಾಮಿಲ್ಲಿನವನು ಈಗ ಕೇಳುತ್ತಿದ್ದಾನೆ, ನಮ್ಮ ಮನೆಗೂ ಹಾಕಿಕೊಡ್ತೀರಾ ಅಂತ. ರೇಟು ಇನ್ನೂ ಹೇಳಿಲ್ಲ.